ಆ ತಾರೀಖು ಮಾತ್ರ ಬೇಡ

"ಹೋಲ್ಡ್ ಇಟ್, ಪ್ಲೀಸ್!"

ಓಡಿಬಂದು ಲಿಫ್ಟಿನೊಳಗೆ ಕಾಲಿಟ್ಟ ದೀಪಾಲಿ ತಲೆಯೆತ್ತಿ ನೋಡಿದಳು.

ಅವಳಿಗಾಗಿ ಗುಂಡಿ ಒತ್ತಿ ಹಿಡಿದು ನಿಂತಿದ್ದವನು ಸಿದ್ಧಾರೂಢ. ಅವಳ ಗಂಡ.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಮನೆಯಲ್ಲಿ ಅವನನ್ನು ಬಿಟ್ಟು, ಜೂನ್‌ನಲ್ಲಿ ಅವಳು ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿಗೆ ಹೋಗಿದ್ದಳು. ಅದಾದ ಮೇಲೆ ಅವನ ಮುಖ ನೋಡುತ್ತಿರುವುದು ಇಂದೇ, ನಾಲ್ಕು ತಿಂಗಳ ನಂತರ.

"ಮೂರನೇ ಫ್ಲೋರ್ ಅಲ್ಲಾ?" ಅವನು ಮೆಲ್ಲಗೆ ಕೇಳಿದ.

"ಹೂಂ."

ಡಿವೋರ್ಸಿಗೆ ಹೊರಟ ಗಂಡ ಹೆಂಡತಿಗೆ ಒಂದೇ ಲಿಫ್ಟು! ವಾಲ್ನಟ್ ಕ್ರೀಕ್‌ನಲ್ಲಿ ಇಷ್ಟೊಂದು ಆಫೀಸು ಕಟ್ಟಡಗಳಿವೆ, ಇದಕ್ಕೆ ಇನ್ನೊಂದು ಲಿಫ್ಟು ಇಡಲು ಯಾರಿಗೂ ತೋಚಲಿಲ್ಲವೇ? ದೀಪಾಲಿ ಗೋಡೆಗೆ ಒತ್ತಿಕೊಂಡು ನಿಂತಳು.

'ಎಷ್ಟು ಸೊರಗಿದಾನೆ... ಹೊತ್ತಿಗೆ ಸರಿಯಾಗಿ ಉಣ್ತಾನೋ ಇಲ್ಲವೋ... ಛೇ, ನನಗ್ಯಾಕೆ ಅದು!'

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಅದು ಒಂದೇ ಮನೆಯಲ್ಲಿ ಉಣ್ಣುವವರಿಗೆ ಹೇಳಿದ ಮಾತು. ಈ ಇಬ್ಬರ ಜಗಳ ಎಂಟು ತಿಂಗಳು ಉಪವಾಸವಿದ್ದು, ಕೊನೆಗೆ ರಮಾ ಮೇಡಂ ಆಫೀಸಿನ ಮೇಜಿನವರೆಗೆ ಬಂದಿತ್ತು.

ಮೈಸೂರು ಕಡೆಯ ರಮಾ ಇಪ್ಪತ್ತು ವರ್ಷದಿಂದ ಇಲ್ಲಿ ವಕೀಲೆ. ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು.

"ನಾನು ಇಬ್ಬರ ಕಡೆಯವಳೂ ಅಲ್ಲ. ಕೋರ್ಟಲ್ಲಿ ಕಿತ್ತಾಡದೆ, ನೀವೇ ಮಾತಾಡಿ ಮುಗಿಸೋಕೆ ಹೆಲ್ಪ್ ಮಾಡ್ತೀನಿ, ಅಷ್ಟೆ. ಕ್ಯಾಲಿಫೋರ್ನಿಯಾ ರೂಲ್ ಗೊತ್ತಲ್ಲ? ಮದುವೆ ದಿನದಿಂದ ಬೇರೆ ಆದ ದಿನದ ತನಕ ಯಾರು ಏನು ದುಡಿದಿದ್ರೂ ಅದು ಇಬ್ಬರದ್ದೂ. ಸಮ ಅರ್ಧ."

ಮನೆ, ಕಾರು, ಉಳಿತಾಯ... ಎಲ್ಲಕ್ಕೂ ಸಿದ್ಧಾರೂಢ "ಅವಳು ಹೇಳಿದ ಹಾಗೆ ಆಗಲಿ" ಅಂದ. ಒಂದಕ್ಕೂ ಎದುರಾಡಲಿಲ್ಲ. ದೀಪಾಲಿಗೆ ಅದೇ ಮೈಯುರಿ. ಏಳು ವರ್ಷದ ಸಂಸಾರ, ಒಂದು ಕುರ್ಚಿಗಾದರೂ ಜಗಳ ಮಾಡಬಾರದೇ ಇವನು!

"ಇನ್ನೊಂದೇ ಬಾಕಿ," ರಮಾ ಹಾಳೆ ತಿರುಗಿಸಿದರು. "ಬೇರೆ ಆದ ತಾರೀಖು. ದೀಪಾಲಿ, ನೀವು ಫೆಬ್ರವರಿ ಹನ್ನೊಂದು ಅಂತ ಬರೆದಿದೀರಿ. ಮನೆ ಬಿಟ್ಟಿದ್ದು ಜೂನಲ್ಲಿ ಅಲ್ವಾ?"

"ಮನೆ ಬಿಟ್ಟಿದ್ದು ಜೂನಲ್ಲಿ ಮೇಡಂ. ನನ್ನ ಮನಸ್ಸು ಮುರಿದಿದ್ದು ಫೆಬ್ರವರಿ ಹನ್ನೊಂದಕ್ಕೆ."



ಆ ವಾರ ಹುಬ್ಬಳ್ಳಿಯಲ್ಲಿ ಅವಳ ಅಪ್ಪ ಗುರುಶಾಂತಪ್ಪನವರಿಗೆ ಸೀರಿಯಸ್ ಆಗಿತ್ತು. ಅವಳ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪ್ ಅವಧಿ ಮುಗಿದಿತ್ತು. ಊರಿಗೆ ಹೋದರೆ ಹೊಸ ಸ್ಟಾಂಪಿಂಗು ಆಗದೆ ವಾಪಸ್ ಬರುವಂತಿಲ್ಲ. ಅದು ಯಾವಾಗ ಆಗುತ್ತದೋ, ಅಲ್ಲಿಯ ತನಕ ನೌಕರಿ ಇರುತ್ತದೋ! "ಹೋಗಬ್ಯಾಡ ದೀಪಾ, ಅಲ್ಲೇ ಸಿಕ್ಕಿಬೀಳ್ತಿ" ಅಂದವನು ಸಿದ್ಧಾರೂಢ. ಅವಳು ಹೋಗಲಿಲ್ಲ. ಅಪ್ಪ ಉಳಿಯಲಿಲ್ಲ.

ಫೆಬ್ರವರಿ ಹನ್ನೊಂದರಂದು, ಅಪ್ಪನ ಮಣ್ಣಿಗೂ ಹೋಗಲಾಗದೆ, ಫೋನಿನ ಲೈವ್ ವಿಡಿಯೋ ಮುಂದೆ ಅವಳು ಒಬ್ಬಳೇ ಕೂತಿದ್ದಳು. ಅಲ್ಲಿ ಬೆಳಿಗ್ಗೆ, ಇಲ್ಲಿ ಸಂಜೆ. ಕಟ್ಟಿಕೊಂಡ ಗಂಡ ಆಗಲೇ ಕಾರಿನ ಕೀ ತೆಗೆದುಕೊಂಡು ಹೊರಗೆ ಹೋದವನು, ಅಪ್ಪ ಮಣ್ಣಾಗುವ ತನಕ ಒಳಗೆ ಬರಲಿಲ್ಲ.

'ಆ ದಿನವೇ ನನ್ನ ಕೈ ಬಿಟ್ಟ. ಮಿಕ್ಕಿದ್ದೆಲ್ಲ ಬರೀ ಕಾಗದ.'

"ಸಿದ್ಧಾರೂಢ, ಈ ತಾರೀಖು ಓಕೇನಾ?"

ಅವನು ಅಂದು ಮೊದಲ ಸಲ ನೆಟ್ಟಗೆ ಕೂತ.

"ಇಲ್ಲ ಮೇಡಂ. ಜೂನ್ ಬರೀರಿ, ಇವತ್ತಿಂದೇ ಬರೀರಿ, ಮದುವೆ ಮರುದಿನವೇ ಬೇರೆ ಆದ್ವಿ ಅಂತ ಬೇಕಾದರೂ ಬರೀರಿ. ಆ ತಾರೀಖು ಮಾತ್ರ ಬೇಡ."

ದೀಪಾಲಿಗೆ ತಟ್ಟನೆ ಹೊಳೆಯಿತು. ಏಪ್ರಿಲ್‌ನಲ್ಲಿ ಅವಳಿಗೆ ತಾನು ಕೆಲಸ ಮಾಡುವ ಕಂಪನಿಯ ಶೇರುಗಳು ಬಂದಿದ್ದವು. ಫೆಬ್ರವರಿ ಅಂತ ಬರೆದರೆ ಅವು ಪೂರ್ತಿ ಅವಳವು. ಜೂನ್ ಅಂದರೆ ಅರ್ಧ ಇವನಿಗೆ!

"ಓಹೋ!" ಅವಳು ಎದ್ದೇ ನಿಂತಳು. ಮೇಡಂ ಎದುರು ಜೋಪಾನವಾಗಿ ಆಡುತ್ತಿದ್ದ ಮಾತು ಹುಬ್ಬಳ್ಳಿಗೆ ಹಾರಿತು. "ಏಪ್ರಿಲ್ ಶೇರಿನ ಮ್ಯಾಲ ಕಣ್ಣೇನು? ಎಲ್ಲಾದಕ್ಕೂ ಹೂಂ ಹೂಂ ಅಂದು, ಕಡೀಕ ಇದಕ್ಕ ಗಾಳ ಹಾಕಿ ಕುಂತಿದ್ದೇನು? ನಮ್ಮಪ್ಪ ಸತ್ತ ದಿನದಾಗೂ ನಿನಗ ಪಾಲು ಬೇಕಾ!"

ಅವನ ಮುಖ ಬಿಳಿಚಿಕೊಂಡಿತು. ರಮಾ ಕಡೆ ನೋಡಿದ.

"ಕೂತ್ಕೊಳ್ಳಿ ದೀಪಾಲಿ." ರಮಾ ಫೈಲಿನಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟರು. "ಸೋಮವಾರವೇ ಕಳಿಸಿದಾರೆ. ಓದಿ."

'ತಾರೀಖು ಯಾವುದೇ ಇರಲಿ, ದೀಪಾಲಿಯ ಎಲ್ಲಾ ಶೇರುಗಳೂ ಅವಳವೇ. ನನಗೆ ಬೇಡ.' ಕೆಳಗೆ ಅವನ ಸಹಿ.

ದೀಪಾಲಿ ಎರಡು ಸಲ ಓದಿದಳು. ಕಿವಿ ಬಿಸಿಯಾಯಿತು.

"ಮತ್ತೆ... ಮತ್ಯಾಕ?"

ರಮಾ ಎದ್ದರು. "ನಾನು ಕಾಫಿ ತರ್ತೀನಿ. ನಮ್ಮ ಮೆಷಿನ್ನು ಸ್ವಲ್ಪ ಸ್ಲೋ."

ಮೆಷಿನ್ನೇನೂ ಸ್ಲೋ ಇರಲಿಲ್ಲ. ಮೇಡಂ ಅನುಭವಸ್ಥರು.

ಬಾಗಿಲು ಮುಚ್ಚಿತು. ಹೊರಗೆ ಫ್ರೀವೇ ಸದ್ದು ಒಂದೇ ಸಮನೆ ಬರುತ್ತಿತ್ತು. ದೀಪಾಲಿ ಕೂರಲಾರದೆ ಕಿಟಕಿಯವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು.

"ಕೇಳಾಕತ್ತೀನಲ್ಲಾ ಸಿದ್ಧು! ಆವತ್ತು ನನ್ನ ಬಿಟ್ಟು ಹೋದಿ. ಅದನ್ನ ಬರಿಯಾಕ ಯಾಕ ಹೆದರ್ತಿ?"

"ನೀನ ಅಂದಿದ್ದಿಯಲ್ಲಾ... ನನ್ನ ಮುಂದ ನಿಲ್ಲಬ್ಯಾಡ, ನಿನ್ನ ಮಾರಿ ತೋರಸಬ್ಯಾಡ, ಹೋಗು ಅಂತ."

ಅಂದಿದ್ದಳು. ಹೌದು, ಕೂಗಿ ಅಂದಿದ್ದಳು... ಎಂಟು ತಿಂಗಳಲ್ಲಿ ಆ ಮಾತು ಅವಳಿಗೆ ನೆನಪೇ ಆಗಿರಲಿಲ್ಲ!

"ಅದಕ್ಕ ಎಲ್ಲಿಗೆ ಹೋಗಿದ್ದಿ?"

"ಎಲ್ಲಿಗೂ ಇಲ್ಲ. ಕೆಳಗ ಪಾರ್ಕಿಂಗ್‌ನಾಗ ಕಾರಿನೊಳಗ ಕುಂತಿದ್ದೆ. ಅದ ಲಿಂಕು ನನಗೂ ಬಂದಿತ್ತು, ಪೂರಾ ನೋಡಿದೆ. ಹೋಗಬ್ಯಾಡ ಅಂದವ ನಾನ... ನಿನ್ನ ಮುಂದ ಯಾವ ಬಾಯಿಲೆ ಅಳಲಿ? ಆಮ್ಯಾಲ ನಡೆದದ್ದು ನಿನಗೂ ಗೊತ್ತೈತಿ. ನಿನ್ನ ಸಂಬಂಧ ಅಷ್ಟು ಮಾಡಿದ ದಿನ, ಅದ ದಿನ ನಿನ್ನ ಬಿಟ್ಟೆ ಅಂತ ನಾ ಹೆಂಗ ಸಹಿ ಹಾಕಲಿ ದೀಪಾ?"

"ಏನು ಮಾಡಿದಿ?"

"ಏನಂದ್ರ? ಕಡೀಕ... ಸುಮನ್ ಅಂದನಲ್ಲ."

"ಏನಂದ?"

ಅವನು ಅವಳನ್ನೇ ದಿಟ್ಟಿಸಿದ. "ನೀ ನೋಡಿಲ್ಲೇನು?"

ದೀಪಾಲಿ ಕುರ್ಚಿಗೆ ಬಂದು ಕೂತಳು. ಅವ್ವನಿಗೂ ತಮ್ಮ ಸುಮನ್‌ಗೂ 'ಎಲ್ಲಾ ನೋಡಿದೆ' ಅಂದಿದ್ದಳು. ನಿಜ ಯಾರಿಗೂ ಗೊತ್ತಿರಲಿಲ್ಲ.

"ಅಪ್ಪನ್ನ ಕೆಳಗ ಇಳಿಸೂದು ನೋಡಿದೆ ಸಿದ್ಧು... ಆಗಲಿಲ್ಲ. ಫೋನ್ ಆಫ್ ಮಾಡಿಬಿಟ್ಟೆ."

ಸಿದ್ಧಾರೂಢ ಎದ್ದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಫೋನಿನಲ್ಲಿ ವಿಡಿಯೋ ಹುಡುಕಿ ಕೊನೆಗೆ ತಂದು, ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು.

ವಿಭೂತಿ, ಬಿಲ್ವಪತ್ರೆ, ಜನರ ಗದ್ದಲ. ಸುಮನ್ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದ. ಹಿಂದಕ್ಕೆ ಸರಿದವನು ಮತ್ತೆ ಮುಂದೆ ಬಂದು ಇನ್ನೊಂದು ಹಿಡಿ ತೆಗೆದುಕೊಂಡ. ಕ್ಯಾಮೆರಾ ಕಡೆ ತಿರುಗಿ ಅಳುತ್ತಲೇ ಅಂದ:

"ದೀಪಕ್ಕಾ, ಇದು ನಿಂದು. ಸಿದ್ಧು ಮಾಮಾ ಫೋನ್ ಹಚ್ಚಿ ಹೇಳ್ಯಾರ, ನಿನ್ನ ಹೆಸರಿಲೆ ಹಾಕು ಅಂತ. ಹಾಕಾಕತ್ತೀನಿ, ನೋಡಕ್ಕಾ..."

ದೀಪಾಲಿ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ತಡೆಯಲಾಗಲಿಲ್ಲ. ಎಂಟು ತಿಂಗಳ ಅಳು ಒಮ್ಮೆಲೇ ನುಗ್ಗಿ ಬಂತು! ಅಪ್ಪನಿಗೆ ಅವಳ ಮಣ್ಣು ಸೇರಿತ್ತು. ಅವಳಿಗೇ ಗೊತ್ತಿರಲಿಲ್ಲ.

"ಯಾಕ... ಯಾಕ ಹೇಳಲಿಲ್ಲ ನೀ?"

"ನೀ ನೋಡಿದಿ ಅಂತ ತಿಳಕೊಂಡಿದ್ದೆ. ನೋಡಿನೂ ನನ್ನ ಜೋಡಿ ಒಂದು ಮಾತಾಡಲಿಲ್ಲ, ಮನೀನ ಬಿಟ್ಟು ಹೋದಿ... ಇನ್ನ ಇಕಿ ನನ್ನ ಕ್ಷಮಿಸೂದಿಲ್ಲ ಅನಕೊಂಡೆ."

"ಹುಚ್ಚಾ!" ಅವಳು ಅವನ ತೋಳಿಗೆ ಗುದ್ದಿದಳು. "ಹೋಗು ಅಂದ್ರ ಹೋಗೇಬಿಡೂದೇನು?"

"ತಪ್ಪಾತು. ಊರಿಗೆ ಹೋಗಬ್ಯಾಡ ಅಂದದ್ದೂ ತಪ್ಪಾತು. ವೀಸಾ, ನೌಕರಿ ಅಂತ ಬುದ್ಧಿ ಹೇಳಿದೆ. ಅಪ್ಪನ ಮಾರಿ ನೋಡಿ ಬಾ ಅನಬೇಕಿತ್ತು."

"ಅದು ಇನ್ನೂ ನೋಯ್ತೈತಿ ಸಿದ್ಧು. ಇವತ್ತಿಗೆ ಹೋಗೂ ನೋವಲ್ಲ."

"ನೋಯ್ಲಿ. ನೊಂದಾಗೆಲ್ಲ ನನಗ ಬೈಯಿ. ಆದ್ರ ಮನ್ಯಾಗ ಕುಂತು ಬೈಯಿ. ನೀ ಇಲ್ಲದ ಆ ಮನ್ಯಾಗ ನನಗ ಇರಾಕ ಆಗವಲ್ದು."

ಅವಳು ಅವನ ಅಂಗೈಯೊಳಗೆ ತನ್ನ ಕೈ ಇಟ್ಟಳು.

ಬಾಗಿಲ ಸದ್ದಾಯಿತು. ರಮಾ ಮೂರು ಕಪ್ ಕಾಫಿ ಹಿಡಿದು ಬಂದವರು, ಜೋಡಿಸಿದ ಕುರ್ಚಿಗಳನ್ನು ನೋಡಿಯೂ ನೋಡದಂತೆ ಪೆನ್ನು ತೆಗೆದರು.

"ಸರಿ, ತಾರೀಖು ಏನು ಬರೀಲಿ?"

"ಏನೂ ಬರೀಬ್ಯಾಡ್ರಿ ಮೇಡಂ," ಅಂದಳು ದೀಪಾಲಿ ಮೂಗೊರೆಸಿಕೊಳ್ಳುತ್ತ.

"ಅದಿಲ್ದೆ ಫೈಲ್ ಮಾಡೋಕೆ ಆಗಲ್ಲಮ್ಮ."

"ಮಾಡಬ್ಯಾಡ್ರಿ."

ರಮಾ ಪೆನ್ನಿನ ಕ್ಯಾಪು ಹಾಕಿ ಕಾಫಿ ಕುಡಿಯತೊಡಗಿದರು. ಮುಖದ ನಗು ಮುಚ್ಚಿಡಲು ಅವರಿಂದ ಆಗಲಿಲ್ಲ.

ಕಟ್ಟಡದ ಹೊರಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ದೀಪಾಲಿ ಟ್ರೇನಿನಲ್ಲಿ ಬಂದಿದ್ದಳು. ಸಿದ್ಧಾರೂಢ ಕೇಳದೆಯೇ ಕಾರಿನ ಬಾಗಿಲು ತೆರೆದು ಹಿಡಿದ. ಅವಳು ಹತ್ತಲಿಲ್ಲ, ಬಾಗಿಲ ಮೇಲೆ ಕೈಯಿಟ್ಟು ನಿಂತಳು.

"ಫೆಬ್ರವರಿಗೆ ಅಪ್ಪಂದು ವರ್ಷದ ಕಾರ್ಯ ಬರ್ತೈತಿ," ಅಂದಳು.

"ಗೊತ್ತೈತಿ. ಹೋಗೂಣು."

"ಸ್ಟಾಂಪಿಂಗು? ಸಿಗದ ಅಲ್ಲೇ ಸಿಕ್ಕಿಬಿದ್ರ?"

"ಸಿಕ್ಕಿಬೀಳೂಣು."

"ಇಬ್ರೂ?"

"ಇಬ್ರೂ. ಜೋಡಿಲೆ."