ಸುಳ್ಳು ಸಾವಿನ ಸಕ್ಕರೆ

ನವಲಗುಂದದ ಬಸ್ ನಿಲ್ದಾಣದಲ್ಲಿ ಕುಳಿತ ಪ್ರತಿಯೊಬ್ಬರ ಬೆರಳಲ್ಲೂ ನಾಡಿಯುಂಗುರವಿತ್ತು. ಜನ ಫೋನು ನೋಡುತ್ತಿದ್ದರು, ಉಂಗುರ ಜನರ ನಾಡಿ ನೋಡುತ್ತಿತ್ತು. ‘ಊರಗೋಡೆ’ ಎಂಬ ಜಾಲತಾಣದಲ್ಲಿ ಯಾರಾದರೂ ಮದುವೆಯ ಚಿತ್ರ ಹಾಕಿದರೆ ನೋಡುವವರ ನಾಡಿ ಅರಳುತ್ತಿತ್ತು. ಉಂಗುರ ಆ ಸಂಗತಿಯನ್ನು ‘ಮನೋಹಿತ ಜಾಲರಿ’ ಎಂಬ ಯಂತ್ರಬುದ್ಧಿಗೆ ಮುಟ್ಟಿಸಿದರೆ, ಜಾಲರಿ ಅದೇ ಚಿತ್ರವನ್ನು ಇನ್ನೂ ಸಾವಿರ ಜನರ ಮುಂದೆ ಹಿಡಿಯುತ್ತಿತ್ತು. ನಾಡಿ ಕುಗ್ಗಿಸುವ ಸುದ್ದಿಯನ್ನು ಮಾತ್ರ ಸದ್ದಿಲ್ಲದೆ ತಳಕ್ಕೆ ತಳ್ಳುತ್ತಿತ್ತು. ಜನರ ಮನಸ್ಸು ಹಗುರವಾಗಿರಲಿ ಎಂದೇ ವಿಜ್ಞಾನಿಗಳು ಇದನ್ನು ಕಟ್ಟಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಅದರ ಏಟು ಯಮನೂರಪ್ಪ ತಳವಾರನಿಗೆ ಬಿತ್ತು.

ಅವನ ಮುತ್ತಜ್ಜ ಓಣಿ ಓಣಿ ತಿರುಗಿ ಸಾವಿನ ಸುದ್ದಿ ಸಾರುತ್ತಿದ್ದ. ಇವನು ಊರಗೋಡೆಯ ಖಾತೆಯಲ್ಲಿ ಸಾರುತ್ತಿದ್ದ: ಇಂಥವರು ತೀರಿಕೊಂಡಿದ್ದಾರೆ, ಇಂಥ ಹೊತ್ತಿಗೆ ಮಣ್ಣು, ಮುಖ ನೋಡುವವರು ಬರಬೇಕು. ಸುತ್ತಲ ಹಳ್ಳಿಗಳ ಬೀಗರು ಬಿಜ್ಜರು ಅದನ್ನು ನೋಡಿಯೇ ಬಸ್ ಹತ್ತುತ್ತಿದ್ದರು. “ಹೆಸರಿಗೆ ತಕ್ಕ ಉದ್ಯೋಗ ಹಿಡದಿ ನೋಡು,” ಎಂದು ಅಕ್ಕ ಹನಮವ್ವ ಚುಡಾಯಿಸುತ್ತಿದ್ದಳು. ನಿಲ್ದಾಣದ ಎದುರು ಗಿರಮಿಟ್ ಮಾರುವ ಅವಳ ನಾಲಿಗೆ ಅವಳ ಮೆಣಸಿನಕಾಯಿಗಿಂತ ಖಾರ. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳೂ ಅವಳೇ.

ಜಾಲರಿ ಬಂದ ಮೇಲೆ ಆ ಖಾತೆ ಇದ್ದೂ ಇಲ್ಲದಂತಾಯಿತು. ಕಮ್ಮಾರ ಗಂಗಪ್ಪ ತೀರಿಕೊಂಡಾಗ, ಅವನು ಸಾಕಿ ಅಣ್ಣಿಗೇರಿಗೆ ಮದುವೆ ಮಾಡಿಕೊಟ್ಟಿದ್ದ ಸೋದರಸೊಸೆ ನೀಲವ್ವನಿಗೆ ಸುದ್ದಿಯೇ ಮುಟ್ಟಲಿಲ್ಲ. ಗೋಡೆಯ ಮೇಲೆ ನೋಡಿರುತ್ತಾಳೆ ಎಂದುಕೊಂಡು ಯಾರೂ ಫೋನು ಮಾಡಿರಲಿಲ್ಲ. ಮರುದಿನ ಓಡೋಡಿ ಬಂದವಳು ಯಮನೂರಪ್ಪನ ಎದುರು ನಿಂತು, “ಕಾಕಾ, ನಮ್ಮ ಮಾವನ ಮುಖಾ ನನಗ ಸಿಗಲಿಲ್ಲಲ್ಲ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವನು ಧಾರವಾಡಕ್ಕೆ ಹೋಗಿ, ಜಾಲರಿ ಕಟ್ಟಿದ ತಂಡದಲ್ಲಿದ್ದ ಡಾ. ಅಂಬುಜಾ ಹೊಂಬಳ ಅವರನ್ನು ಕಂಡ.

“ಬಾಯಾರ, ನನ್ನ ಖಾತೆ ಮಂದಿಗೆ ಕಾಣವಲ್ದು. ನಾ ಏನ್ ತಪ್ಪು ಮಾಡೇನ್ರಿ?”

“ನಿಮ್ಮದೇನೂ ತಪ್ಪಿಲ್ಲ. ನಿಮ್ಮ ಸುದ್ದಿ ನೋಡಿದ ಕೂಡ್ಲೆ ಮಂದಿ ನಾಡಿ ಕುಗ್ಗತದ. ಜಾಲರಿಗೆ ಬರೆದದ್ದು ತಿಳಿಯಂಗಿಲ್ಲ, ನಾಡಿ ಅಷ್ಟ ತಿಳೀತದ. ಈ ಖಾತೆ ಮಂದಿಗೆ ಬರೇ ನೋವು ಕೊಡತದ ಅಂತ ಲೆಕ್ಕಾ ಹಾಕ್ಯದ.”

“ಸತ್ತ ಸುದ್ದಿ ನೋಡಿ ಯಾರರ ನಗತಾರೇನ್ರಿ?”

“ನಕ್ಕರ ಮಾತ್ರ ಜಾಲರಿ ತೆರೀತದ,” ಎಂದು ಅಂಬುಜಾ ಸಂಕಟದಿಂದಲೇ ಹೇಳಿದರು. ನೋವೂ ಕೆಲವೊಮ್ಮೆ ಬೇಕಾಗುತ್ತದೆ ಎಂಬುದನ್ನು ಯಂತ್ರಕ್ಕೆ ಕಲಿಸಲು ಅವರ ತಂಡ ಮರೆತಿತ್ತು.

ಮುಂದಿನ ವಾರ ಯಮನೂರಪ್ಪ ಹೆಬಸೂರ ಮಾಸ್ತರರ ಮನೆಯ ಮುಂದೆ ಹಾಯುತ್ತಿದ್ದಾಗ ಒಳಗೆ ಭಜನೆ ಕೇಳಿಸಿತು. ಇಣುಕಿದರೆ ಮಾಸ್ತರರು ಗೋಡೆಗೆ ಒರಗಿ ಕುಳಿತಿದ್ದಾರೆ. ಹಣೆಗೆ ವಿಭೂತಿ, ಕೊರಳಲ್ಲಿ ಹಾರ, ಕಣ್ಣು ಮುಚ್ಚಿವೆ. ಅವರ ಮಂದಿಯಲ್ಲಿ ಸತ್ತವರನ್ನು ಹೀಗೆಯೇ ಕೂರಿಸಿ, ಹಾರ ಹಾಕಿ, ಭಜನೆ ಮಾಡುವುದು ವಾಡಿಕೆ. ಯಮನೂರಪ್ಪ ಕೈ ಮುಗಿದು, ಹೊಸ್ತಿಲಾಚೆಯೇ ನಿಂತು ಸುದ್ದಿ ಹಾಕಿಬಿಟ್ಟ. ಅಂದು ಮಾಸ್ತರರಿಗೆ ಎಂಬತ್ತು ತುಂಬಿತ್ತು. ಹಾರ ಸನ್ಮಾನದ್ದು, ನಿದ್ದೆ ಹೋಳಿಗೆ ಊಟದ್ದು!

ಇನ್ನೂ ಅವನ ಖಾತೆಯನ್ನು ಹುಡುಕಿ ನೋಡುತ್ತಿದ್ದ ನಾಲ್ಕಾರು ಹಳೆಯ ಶಿಷ್ಯರು ಅಳುತ್ತ ಓಡಿ ಬಂದರು. ಮಾಸ್ತರರು ಕಣ್ಣು ಬಿಟ್ಟು, “ಯಾಕ್ರೋ ಅಳಾಕ ಹತ್ತೀರಿ? ಕುಂದರ್ರಿ, ಚಾ ಕುಡೀರಿ,” ಎಂದರು. ಮನೆ ಬಿದ್ದು ಬಿದ್ದು ನಕ್ಕಿತು. ಸತ್ತ ಸುಳ್ಳು ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚುತ್ತದೆಂದು ಹಿರಿಯರು ಅವರ ಬಾಯಿಗೆ ಸಕ್ಕರೆ ಹಾಕಿದರು. ಆ ಸುದ್ದಿಯನ್ನು ಒಬ್ಬರಿಗೊಬ್ಬರು ತೋರಿಸಿ ಊರೆಲ್ಲ ನಕ್ಕಿತು. ನಾಡಿಗಳು ಅರಳಿದವು, ಜಾಲರಿ ತೆರೆಯಿತು.

ಖಾತೆ ಮತ್ತೆ ಮೇಲೆದ್ದದ್ದನ್ನು ಕಂಡು ಅಂಬುಜಾ ತಾವೇ ಫೋನು ಮಾಡಿದರು. ನಡೆದದ್ದನ್ನು ಕೇಳಿ ಮನಸಾರೆ ನಕ್ಕು, ಆಮೇಲೆ ಹೇಳಿದರು: “ನಡುನಡುವ ಇಂಥ ನಗು ಇದ್ರಷ್ಟ ಅದು ತೆರದಿರತದ ನೋಡ್ರಿ. ಬರೇ ಖರೇ ಸುದ್ದಿ ಹಾಕಿದ್ರ ಮತ್ತ ಮುಚ್ಚತದ.”

ಖರೇ ಸುದ್ದಿ ನಾಲ್ಕು ಜನಕ್ಕೆ ಕಾಣಬೇಕಾದರೆ ಸುಳ್ಳನ್ನೂ ಹಾಕಬೇಕು. ಯಮನೂರಪ್ಪ ಒಲ್ಲದ ಮನಸ್ಸಿನಿಂದಲೇ ಒಪ್ಪಿದ. ಜನರಂತೂ ತುದಿಗಾಲಲ್ಲಿ ನಿಂತಿದ್ದರು. “ನಮ್ಮ ಅಜ್ಜನ್ನೂ ಒಂದ್ಸಲ ಸಾಯಿಸಪಾ!” ಎಂದು ಬಾಗಿಲಿಗೆ ಬಂದರು. ಸುದ್ದಿ ಬಿದ್ದ ಮನೆಗೆ ಬಂಧುಬಳಗ ಸಕ್ಕರೆ ಹಿಡಿದು ಬರುವುದು ಹೊಸ ಹಬ್ಬವೇ ಆಯಿತು. ಆ ಎರಡು ತಿಂಗಳು ಊರಲ್ಲಿ ಯಾರೂ ಸಾಯಲಿಲ್ಲ. ಅದೂ ಯಮನೂರಪ್ಪನ ಕೈಗುಣವೆಂದೇ ಮಾತಾಯಿತು.

“ಊರ ಮಂದಿಗೆಲ್ಲಾ ಆಯುಷ್ಯ ಹಂಚತಿ, ನನಗಷ್ಟ ಇಲ್ಲೇನೋ?” ಎಂದು ಹನಮವ್ವ ಕೆಣಕಿದಳು.

“ನಿಂದು ಹಾಕಾಕ ನನ್ನ ಕೈ ಏಳಂಗಿಲ್ಲಬೇ, ಬಿಡು,” ಎಂದ ಅವನು. ನಿಜಕ್ಕೂ ಏಳಲಿಲ್ಲ.

ಒಂದು ಮುಂಜಾನೆ ಗಿರಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಹನಮವ್ವ ಹಾಗೆಯೇ ಪಕ್ಕಕ್ಕೆ ವಾಲಿದಳು. ಡಾಕ್ಟರು ಬಂದು ನೋಡಿ, ಜೀವವಿಲ್ಲವೆಂದು ತಲೆಯಲ್ಲಾಡಿಸಿದರು. ಯಮನೂರಪ್ಪ ಅಳುತ್ತಲೇ ಸುದ್ದಿ ಹಾಕಿದ.

ಊರು ನಕ್ಕಿತು. “ಅಂತೂ ಅಕ್ಕಂದೂ ಹಾಕಿದ ನೋಡ್ರಿ!” ಉಂಗುರಗಳು ಆ ನಗುವನ್ನು ಮುಟ್ಟಿಸಿದವು, ಜಾಲರಿ ಸುದ್ದಿಯನ್ನು ಹಳ್ಳಿ ಹಳ್ಳಿಗೂ ಹರಡಿತು. ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಕೈಯಲ್ಲೂ ಸಕ್ಕರೆ. “ಎಲ್ಲಿ ಅದಾಳ ನಮ್ಮ ಗಿರಮಿಟ್ ಹನಮವ್ವ? ಬಾಯಿ ತೆರಿಯವಾ!” ಎನ್ನುತ್ತ ಮುಂದಿದ್ದವರು ಒಳಗೆ ಹೋದರು, ಹೋಗಿ ಹಾಗೆಯೇ ನಿಂತರು. ಓಣಿಯ ಕೊನೆಯವರು ಇನ್ನೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದರು.

ಯಾರೂ ಮನೆಗೆ ಮರಳಲಿಲ್ಲ. ಸಂಜೆ ಮಣ್ಣು ಕೊಡುವಾಗ ಹಿಡಿಮಣ್ಣಿನ ಜೊತೆ ಮುಷ್ಟಿಯ ಸಕ್ಕರೆಯೂ ಕುಣಿಗೆ ಬಿತ್ತು. ಸಾವಿರ ನಾಡಿಗಳು ಒಮ್ಮೆಲೇ ಕುಸಿದದ್ದನ್ನು ಕಂಡ ಜಾಲರಿ ಆ ಖಾತೆಯನ್ನು ಹಿಂದೆಂದೂ ಇಲ್ಲದಷ್ಟು ಆಳಕ್ಕೆ ತಳ್ಳಿತು. ಯಮನೂರಪ್ಪ ಫೋನನ್ನು ತೆಗೆದು ನೋಡಲೇ ಇಲ್ಲ.

ಬಸ್ಸಿಗೆ ಹೊರಟಿದ್ದ ನೀಲವ್ವ ಅವನ ಪಕ್ಕದಲ್ಲಿ ಕುಳಿತು ಬಿಕ್ಕಿದಳು.

“ಕಾಕಾ, ಅಣ್ಣಿಗೇರಿಯಿಂದ ದಾರಿ ತುಂಬ ನಾ ನಗಕೋಂತ ಬಂದೆ. ಅತ್ತಿ ಖರೇನ ಹೋಗ್ಯಾಳಂತ ನನಗ ಹೆಂಗ ಗೊತ್ತಾಗಬೇಕು?”

“ನಗಕೋಂತರ ಬಂದ್ಯಲ್ಲವಾ,” ಎಂದು ಯಮನೂರಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. “ನಮ್ಮಕ್ಕನ ಮುಖಾ ನಿನಗ ಸಿಕ್ತು.”