ಆಸ್ಪತ್ರೆಯಿಂದ ಹೊರಬಿದ್ದ ಮಾತು

“ಆ ಹುಡುಗಿಗೆ ಫಿಟ್ಸ್ ಇದೆ. ಈ ಮದುವೆ ನಡೆಯಲ್ಲ,” ಎಂದು ಅಮ್ಮ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

ಊಟಕ್ಕೆ ಕೂತಿದ್ದ ಮಗ ತಲೆಯೆತ್ತಿದ. “ಯಾರು ಹೇಳಿದ್ದು?”

ಅಮ್ಮ ಮಗಳ ಕಡೆ ನೋಡಿದಳು. ಮಗಳ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಅವಳು ಡಾಕ್ಟರ್ ಓದು ಮುಗಿಸಿ ದೊಡ್ಡಾಸ್ಪತ್ರೆಯಲ್ಲಿ ತರಬೇತಿಗೆ ಸೇರಿದ್ದಳು. ಅಣ್ಣನಿಗೆ ನಿಶ್ಚಯವಾಗಿದ್ದ ಹುಡುಗಿಯೇ ಹಿಂದಿನ ದಿನ ರೋಗಿಯಾಗಿ ಎದುರಿಗೆ ಬಂದು ಕೂತಿದ್ದಳು. ಮುಖ ಕೆಂಪೇರಿದರೂ, ಕೇಳುತ್ತಿರುವವಳು ಡಾಕ್ಟರು ಎಂಬ ನಂಬಿಕೆಯಿಂದ ಏನನ್ನೂ ಮುಚ್ಚಿಡಲಿಲ್ಲ. ಆದರೆ ಇವಳ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಅಣ್ಣನ ಒಳ್ಳೆಯದಕ್ಕೇ ಎಂದು ಸಮಾಧಾನ ಮಾಡಿಕೊಂಡು ಅಮ್ಮನ ಕಿವಿಗೆ ಹಾಕಿದಳು. ಎಲ್ಲರಿಗಿಂತ ಮೊದಲು ತನಗೆ ಗೊತ್ತು ಎಂಬ ಜಂಬವೂ ಅದರಲ್ಲಿತ್ತು...

“ನಂಗೆ ಮೊದಲೇ ಗೊತ್ತಿತ್ತು,” ಎಂದ ಅಣ್ಣ. “ಅವಳೇ ಹೇಳಿದ್ಲು. ಅಮ್ಮಂಗೂ ತಾನೇ ಹೇಳ್ತೀನಿ ಅಂತಿದ್ಲು. ಅದು ಅವಳು ಹೇಳ್ಬೇಕಾಗಿದ್ದ ಮಾತು ಕಣೇ, ನಿಂದಲ್ಲ.”

ಅಮ್ಮ ಅಷ್ಟಕ್ಕೇ ಬಿಡದೆ ಹುಡುಗಿಯ ಮನೆಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಅಂದಳು. ಹುಡುಗಿ ನಾಚಿಕೆಯಿಂದ ಆಸ್ಪತ್ರೆಗೆ ಬರುವುದನ್ನೇ ಬಿಟ್ಟಳು. ಮಾತ್ರೆ ಮುಗಿಯಿತು. ಒಂದು ಬೆಳಿಗ್ಗೆ ಒಲೆಯ ಮುಂದೆ ಫಿಟ್ಸ್ ಬಂದು ಬಿದ್ದಾಗ, ಕುದಿಯುವ ನೀರು ತೋಳಿನ ಮೇಲೆ ಚೆಲ್ಲಿತು...

ಸುದ್ದಿ ಕೇಳಿದ ತಂಗಿ ನೇರವಾಗಿ ಹಿರಿಯ ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು. ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಮೇಲಿನವರಿಗೆ ನಾನು ತಿಳಿಸ್ಲೇಬೇಕಮ್ಮ. ನಿನ್ನ ತರಬೇತಿ ನಿಲ್ಲಿಸಬಹುದು.”

“ನಿಲ್ಲಿಸ್ಲಿ ಸರ್.”

ವಾರ್ಡಿನಲ್ಲಿ ಹುಡುಗಿಯ ಮಂಚದ ಪಕ್ಕ ಅಣ್ಣ ಕೂತಿದ್ದ. ತಂಗಿಯನ್ನು ನೋಡಿ ಎದ್ದು ಹೊರಗೆ ಹೋದ.

“ಕ್ಷಮಿಸಿ ಅಂತ ಕೇಳೋಕೂ ನಂಗೆ ಮುಖ ಇಲ್ಲ,” ಎಂದಳು ತಂಗಿ.

“ನಿಮ್ಮ ಮೇಲೆ ಸಿಟ್ಟಿಲ್ಲ,” ಎಂದಳು ಹುಡುಗಿ. “ಆದ್ರೆ ಇನ್ಮೇಲೆ ಯಾವ ಡಾಕ್ಟರ ಮುಂದೆ ಕೂತ್ರೂ, ಹೇಳ್ಲೋ ಬೇಡ್ವೋ ಅನ್ನೋ ಭಯ ಇರುತ್ತೆ. ಅದಕ್ಕೆ ನಿಮ್ಮ ಹತ್ರ ಔಷಧಿ ಇಲ್ಲ.”

ತಂಗಿಯ ತರಬೇತಿ ಅರ್ಧ ವರ್ಷ ನಿಂತಿತು. ಅಣ್ಣನ ಹಟದ ಮುಂದೆ ಅಮ್ಮ ಸೋತಳು, ಮದುವೆಯಾಯಿತು. ಅತ್ತಿಗೆ ನಾದಿನಿಯ ಜೊತೆ ನಕ್ಕು ಮಾತಾಡುತ್ತಿದ್ದಳು, ಅವಳ ತಲೆಯನ್ನೂ ಬಾಚುತ್ತಿದ್ದಳು. ನಾದಿನಿ ಮತ್ತೆ ಡಾಕ್ಟರ್ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ, ಅತ್ತಿಗೆ ಸುಸ್ತಾಗಿ ಗೋಡೆಗೆ ಒರಗಿದ್ದು ಕಂಡಿತು.

“ಏನಾಗ್ತಿದೆ ಅತ್ತಿಗೆ?”

“ಏನಿಲ್ಲ ಬಿಡಿ,” ಎಂದು ಮುಗುಳ್ನಕ್ಕು, ಅತ್ತಿಗೆ ಗಂಡನ ಜೊತೆ ಊರಾಚೆಯ ಬೇರೆ ಆಸ್ಪತ್ರೆಗೆ ಹೊರಟಳು. ನಾದಿನಿ ಮತ್ತೆ ಕೇಳಲಿಲ್ಲ. ತಲೆ ತಗ್ಗಿಸಿ, ಅವರಿಗೆ ಬಾಗಿಲು ತೆರೆದು ಹಿಡಿದು ನಿಂತಳು.