ಸೊಟ್ಟ ಕಾಲಿನ ಜೀರುಂಡೆ

ಎದುರುಮನೆಯ ಝಿಪಾರ್ ನಮ್ಮ ಮೇಲೆ ಮುನಿಸಿಕೊಂಡಿದ್ದಾಳೆ ಎಂದು ಮೊದಲು ಹೇಳಿದ್ದು ಅಪ್ಪ.

“ಮುಂಚೆ ಗೇಟಿನಿಂದಲೇ ‘ಮೆದೆರ್ ಅವಾ’ ಅಂತ ನನ್ನ ಹೆಸರು ಹಿಡಿದು ಕೂಗ್ತಿದ್ಳು. ಈಗ ಕೆಮ್ಮಿ ನಿಂತ್ಕೋತಾಳೆ. ನೀನೇ ಏನೋ ಮಾಡಿರ್ತೀಯ, ಆಸ್ಕಾತ್.”

ನಾನೇನು ಮಾಡಿದ್ದೆ? ಕರಕೋಲ್ ಊರಿನ ಈ ಬೀದಿಯಲ್ಲಿ ನಮ್ಮದು ಗುಜರಿ ಅಂಗಳ, ಎದುರಿಗೆ ಅವಳ ಸಸಿ ತೋಟ. ಹಳೇ ಟ್ರ್ಯಾಕ್ಟರ್ ಬಿಚ್ಚಿ ನಾನು ಮಾಡುವ ಕಬ್ಬಿಣದ ಹುಳುಗಳನ್ನು ಅವಳು ಸೇಬಿನ ಸಸಿಗಳ ನಡುವೆ ನಿಲ್ಲಿಸಿ ಮಾರುತ್ತಾಳೆ. ಬೇರಿಂಗ್ ಬೆನ್ನಿನ ಜೀರುಂಡೆ, ಸ್ಪಾರ್ಕ್ ಪ್ಲಗ್ ಹೊಟ್ಟೆಯ ಜೇನು. ಒಂದನ್ನೂ ಒಂದೇ ಸಲಕ್ಕೆ ಒಪ್ಪಿದವಳಲ್ಲ. ಒಪ್ಪದಿರಲಿ ಎಂದೇ ನಾನು ಒಂದು ಕಾಲನ್ನು ಸೊಟ್ಟಗೆ ಬೆಸೆಯುತ್ತಿದ್ದೆ. ಸರಿ ಮಾಡಿಸಲು ಮತ್ತೆ ಬರುತ್ತಾಳಲ್ಲ.

ಈಗ ಅವಳು ದೂರದ ಬಿಷ್ಕೆಕ್ ನಗರದ ಅಣ್ಣನ ಮನೆಗೆ ಹೊರಟಿದ್ದಳು, ಅಲ್ಲೇ ಇದ್ದುಬಿಡಲು. ಅವಳಿಲ್ಲದ ಬೀದಿ ನನಗೆ ಬೇಡವಾಗಿತ್ತು. ಆದರೆ ಹೋಗಬೇಡ ಎನ್ನಲು ನಾನು ಯಾರು? ವೆಲ್ಡಿಂಗ್ ಮಾಸ್ಕ್ ಹಿಂದೆ ಕಣ್ಣು ಒದ್ದೆಯಾದರೆ ಯಾರಿಗೂ ಕಾಣುವುದಿಲ್ಲ, ಅದೊಂದೇ ಸಮಾಧಾನ.

ಆ ದಿನ ಅವಳು ನಾನು ಹೊಸದಾಗಿ ಬೆಸೆದ ಏರೋಪ್ಲೇನ್ ಚಿಟ್ಟೆ ನೋಡಲು ಬಂದಳು.

“ರೆಕ್ಕೆ ಕಿವಿ ಥರ ಇದೆ.”

“ಯಾರ ಕಿವಿ ಥರ?”

“ನಿನ್ನದೇ. ಅಷ್ಟು ದೊಡ್ಡದಿದ್ರೂ ಏನೂ ಕೇಳಿಸಲ್ಲ.”

ಹಾಗೆಂದು ನನ್ನತ್ತ ನೋಡಿದಳು, ಆಮೇಲೆ ಕಣ್ಣು ಕೆಳಗಿಳಿಸಿದಳು. ಅವಳ ರೆಪ್ಪೆಯ ಮೇಲೆ ಕಬ್ಬಿಣದ ಪುಡಿ ಕೂತಿತ್ತು. ಒರೆಸಲು ಎತ್ತಿದ ಕೈಯನ್ನು ನಾನು ಪ್ಯಾಂಟಿಗೆ ಒರೆಸಿಕೊಂಡೆ.

ಅಷ್ಟರಲ್ಲಿ ಲಾರಿಯವನೊಬ್ಬ ಗೇಟಿನಲ್ಲಿ ಇಣುಕಿದ. “ತಂಗಿ, ಇದು ಯಾರ ಅಂಗಳ?”

“ಗೇಟಿನ ಮೇಲೆ ಬರೆದಿದೆ, ಓದ್ಕೊಳ್ಳಿ,” ಎಂದಳು ಝಿಪಾರ್.

“ಕನ್ನಡಕ ತಂದಿಲ್ಲಮ್ಮ. ಹೆಸರು ಹೇಳಬಾರ್ದಾ?”

ಅವಳ ಕೆನ್ನೆ ಕೆಂಪಾಯಿತು. “ಒಳಗೆ ಚಹಾ ಕುಡೀತಿದ್ದಾರಲ್ಲ, ಅವರದ್ದು.”

ಅಪ್ಪನ ಹೆಸರು ಅವಳ ಬಾಯಿಂದ ಬರಲಿಲ್ಲ. ನಮ್ಮಲ್ಲಿ ಮನೆಯ ಹಿರಿಯನ ಹೆಸರನ್ನು ಬಾಯಿಬಿಟ್ಟು ಹೇಳದವಳು ಒಬ್ಬಳೇ, ಆ ಮನೆಯ ಸೊಸೆ. ಇಷ್ಟು ದಿನ ಅವಳು ಗೇಟಿನಲ್ಲಿ ನಿಂತು ಕೆಮ್ಮುತ್ತಿದ್ದದ್ದು ಇದಕ್ಕೆ. ಅಪ್ಪ, ಮಗ ಇಬ್ಬರೂ ಅದನ್ನು ಮುನಿಸು ಎಂದುಕೊಂಡು ಕೂತಿದ್ದೆವು.

ಲಾರಿಯವನು ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದೆ, “ಯಾವಾಗಿಂದ?”

“ಹಿಮ ಕರಗಿದಾಗಿಂದ. ನಾಡಿದ್ದು ಅಣ್ಣ ಕಾರು ತರ್ತಾನೆ. ಹೆಣ್ಣು ನಾನು, ಇನ್ನೇನು ಅಂತ ಹೇಳ್ಲಿ?”

ನಾನು ಒಳಗೆ ಓಡಿದೆ.

“ಅಪ್ಪ, ಚಹಾ ಆಮೇಲೆ. ಬಿಳಿ ಟೋಪಿ ಹಾಕ್ಕೋ. ಎದುರುಮನೆಗೆ ಹೆಣ್ಣು ಕೇಳೋಕೆ ಹೋಗ್ಬೇಕು.”

“ಆ ಹುಡುಗಿ ನನ್ನ ಹೆಸರು ಎತ್ತೋದೇ ಬಿಟ್ಟಿದ್ದಾಳಲ್ಲೋ?”

“ಇನ್ನು ಯಾವತ್ತೂ ಎತ್ತಲ್ಲ, ಅಪ್ಪ.”

ಅಪ್ಪ ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಟೋಪಿಯ ಧೂಳು ಕೊಡವಿದರು.